ಕೊಳ್ಳೇಗಾಲದ ಬಸ್ಸು ಬಂದರೆ ಸುದ್ದಿ

ಪತ್ರಿಕೋದ್ಯಮ ನನ್ನ ಪಾಲಿಗೆ ಬಂದದ್ದು ಅರ್ಥಶಾಸ್ತ್ರದ ಗ್ರಾಫುಗಳ ದಯೆಯಿಂದ. 1997ರಲ್ಲಿ ಮೈಸೂರಿನ ಕಾಲೇಜೊಂದರ ಬಿ.ಎ. ಅರ್ಜಿಯಲ್ಲಿ ಇತಿಹಾಸ, ರಾಜ್ಯಶಾಸ್ತ್ರದ ಜೊತೆಗೆ ಮೂರನೇ ಐಚ್ಛಿಕ ವಿಷಯವಾಗಿ ಅರ್ಥಶಾಸ್ತ್ರವೋ ಜರ್ನಲಿಸಮ್ಮೋ ಎಂದು ಟಿಕ್ ಹಾಕಬೇಕಿತ್ತು. ಹಾಸ್ಟೆಲಿನ ಸೀನಿಯರ್ ಒಬ್ಬರು, ‘ಎಕನಾಮಿಕ್ಸಲ್ಲಿ ಗ್ರಾಫ್ ಬರುತ್ತೆ ನೋಡು, ಆಮೇಲೆ ಅಳಬೇಡ’ ಎಂದರು. ಟಿಕ್ ಬಿದ್ದದ್ದು ಹಾಗೆ. ಊರಿಗೆ ಹೋಗಿ ಹೇಳಿದಾಗ ಅಜ್ಜ ಕೇಳಿದ್ದು ಒಂದೇ ಮಾತು: ‘ಪೇಪರ್ ಓದಕ್ಕೂ ಕಾಲೇಜ್ಗ ಹೋಗ್ಬೇಕಾ?’

ನಮ್ಮೂರು ಹನೂರಿನಿಂದಾಚೆ, ಮಹದೇಶ್ವರ ಬೆಟ್ಟದ ರಸ್ತೆಯಿಂದ ಒಳಕ್ಕೆ. ಹನೂರು ಆಗಿನ್ನೂ ಕೊಳ್ಳೇಗಾಲ ತಾಲ್ಲೂಕಿನ ಹೋಬಳಿ. ಚಾಮರಾಜನಗರ ಜಿಲ್ಲೆಯಾದದ್ದೇ ನಾನು ಕಾಲೇಜು ಸೇರಿದ ವರ್ಷ. ಪೇಪರು ನಮ್ಮ ಟೀ ಅಂಗಡಿ ತಲುಪುವಾಗ ಹೊತ್ತು ನೆತ್ತಿಗೇರಿರುತ್ತಿತ್ತು. ಹಾಳೆಹಾಳೆ ಬಿಡಿಸಿಕೊಂಡು ಐದಾರು ಜನ ಒಟ್ಟಿಗೇ ಓದುವರು. ಒಬ್ಬರ ಕೈಯಲ್ಲಿ ಸುದ್ದಿಯ ತಲೆಬರಹ, ಇನ್ನೊಬ್ಬರ ಕೈಯಲ್ಲಿ ಐದನೇ ಪುಟಕ್ಕೆ ಹೋದ ಅದರ ಬಾಲ. ಎರಡನ್ನೂ ಸೇರಿಸಲು ಜೋರಾಗಿ ಓದಲೇಬೇಕು. ಹಾಗಾಗಿ ಅಕ್ಷರ ಬಾರದ ಅಜ್ಜನಿಗೂ ದಿನದ ಸುದ್ದಿಯೆಲ್ಲ ಗೊತ್ತಿರುತ್ತಿತ್ತು. ಸಂಜೆಗೆ ಅದೇ ಹಾಳೆಗಳಲ್ಲಿ ಬೋಂಡ ಕಟ್ಟಿ ಕೊಡುತ್ತಿದ್ದರು.

ಮೊದಲ ವರ್ಷವೆಲ್ಲ ಇಸವಿಗಳದ್ದೇ ರಾಜ್ಯಭಾರ. 1780, ಕಲ್ಕತ್ತಾದಲ್ಲಿ ಹಿಕಿಯ ಬೆಂಗಾಲ್ ಗೆಜೆಟ್. 1867, ಪತ್ರಿಕೆ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ. 1878, ಲಿಟ್ಟನ್ ತಂದ ದೇಶಭಾಷಾ ಪತ್ರಿಕೆಗಳ ಕಾಯ್ದೆ. ಅದರಿಂದ ತಪ್ಪಿಸಿಕೊಳ್ಳಲು ಬಂಗಾಳದ ಅಮೃತಬಜಾರ್ ಪತ್ರಿಕೆ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ತಿರುಗಿಕೊಂಡ ಕಥೆ. ಇವೆಲ್ಲಕ್ಕಿಂತ ಖಾತ್ರಿಯಾಗಿ ಪರೀಕ್ಷೆಗೆ ಬರುತ್ತಿದ್ದವನು ಹರ್ಮನ್ ಮೊಗ್ಲಿಂಗ್. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಈ ಪಾದ್ರಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮೇಲೆ ‘ಮಂಗಳೂರ ಸಮಾಚಾರ’ ತೆಗೆದ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಜುಲೈ 1ನ್ನು ಪತ್ರಿಕಾ ದಿನವೆಂದು ನಾವು ಆಚರಿಸುವುದು ಅವನ ದೆಸೆಯಿಂದ. ನೋಟ್ಸಿನಲ್ಲಿ ಇಷ್ಟೂ ಇತ್ತು. ಆ ಪತ್ರಿಕೆ ಓದುವವರ ಮನೆಗೆ ಹೇಗೆ ಹೋಗುತ್ತಿತ್ತು, ಯಾರು ಹೊತ್ತೊಯ್ಯುತ್ತಿದ್ದರು ಎಂಬುದು ಮಾತ್ರ ಇರಲಿಲ್ಲ. ನನಗೆ ಅದೇ ಬೇಕಿತ್ತು. ಬಸ್ಸಿಗೆ ಕಾದು ಪೇಪರ್ ಓದುವ ಊರಿನವನಿಗೆ ಬೇರೆ ಯಾವ ಪ್ರಶ್ನೆ ಹೊಳೆದೀತು?

ಈ ವಿದ್ಯೆಯ ವಿಷಯದಲ್ಲಿ ಮೈಸೂರಿಗೆ ಒಂದು ಹೆಚ್ಚುಗಾರಿಕೆ ಇದೆ. 1951ರಷ್ಟು ಹಿಂದೆಯೇ ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ಮುಂದಾಳತ್ವದಲ್ಲಿ ಪತ್ರಿಕೋದ್ಯಮದ ಪಾಠ ಶುರುವಾಗಿತ್ತು. ದೇಶದ ಹಲವು ದೊಡ್ಡ ವಿಶ್ವವಿದ್ಯಾಲಯಗಳು ಇದೂ ಒಂದು ವಿದ್ಯೆಯೇ ಎಂದು ಮೂಗು ಮುರಿಯುತ್ತಿದ್ದ ಕಾಲ ಅದು. ನಾವು ಓದುವ ಹೊತ್ತಿಗೆ ಅದು ಅಂಥ ಅಪರೂಪವಾಗಿ ಉಳಿದಿರಲಿಲ್ಲ, ಆದರೆ ಪುಸ್ತಕಗಳು ಮಾತ್ರ ಇಂಗ್ಲಿಷಿನಲ್ಲೇ ಇದ್ದವು. ಎರಡನೇ ವರ್ಷ ಸಂವಹನ ಸಿದ್ಧಾಂತ. ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಯಾವ ಪರಿಣಾಮದೊಂದಿಗೆ ಹೇಳಿದರು ಎಂಬ ಲಾಸ್ವೆಲ್‌ನ 1948ರ ಸೂತ್ರ. ಅದರ ಬೆನ್ನಿಗೆ ಶಾನನ್ ಮತ್ತು ವೀವರ್. ನಮ್ಮ ಮೇಡಂ ಬೋರ್ಡಿನ ಮೇಲೆ ಚೌಕಗಳನ್ನು ಬರೆದು ಬಾಣದ ಗುರುತಿನಿಂದ ಜೋಡಿಸುವರು: ಮೂಲ, ಪ್ರೇಷಕ, ಮಾಧ್ಯಮ, ಗ್ರಾಹಕ. ಮಧ್ಯದ ಚೌಕಕ್ಕೆ ಮೇಲಿನಿಂದ ಒಂದು ಅಡ್ಡ ಬಾಣ, ಅದು ಗದ್ದಲ. ಟೆಲಿಫೋನ್ ಕಂಪನಿಯ ತಂತಿಗಳಿಗಾಗಿ ಎಂಜಿನಿಯರ್ ಮಾಡಿದ ಲೆಕ್ಕ ಇದು ಎಂದು ಅವರೇ ಹೇಳಿದರು. ನಾವು ಸ್ಕೇಲಿಟ್ಟು ಚಿತ್ರ ಬರೆದುಕೊಂಡೆವು. ಐದು ಅಂಕಕ್ಕೆ ಬರುತ್ತಿತ್ತು.

ಪಾಠಕ್ಕೆ ಜೀವ ಬಂದದ್ದು ವಾರಕ್ಕೆರಡು ದಿನ ಬರುತ್ತಿದ್ದ ಮೇಷ್ಟ್ರಿಂದ. ಅವರು ಪತ್ರಿಕೆಯೊಂದರಲ್ಲಿ ಉಪಸಂಪಾದಕರಾಗಿ ನಿವೃತ್ತರಾದವರು. ಡಿಗ್ರಿ ಇರಲಿಲ್ಲವಾದ್ದರಿಂದ ವೇಳಾಪಟ್ಟಿಯಲ್ಲಿ ‘ಅತಿಥಿ’ ಎಂದಷ್ಟೇ ಇರುತ್ತಿತ್ತು. ಹೆಗಲಿಗೆ ಬಟ್ಟೆಯ ಚೀಲ, ಅದರ ತುಂಬ ಹಳೇ ಕಾಪಿಗಳು. ತಾಲ್ಲೂಕು ವರದಿಗಾರರು ಬರೆದು ಕಳಿಸಿದ, ಮೇಷ್ಟ್ರೇ ಕೆಂಪು ಇಂಕಿನಲ್ಲಿ ತಿದ್ದಿ ಅಚ್ಚಿಗೆ ಕೊಟ್ಟು, ಆಮೇಲೆ ರದ್ದಿಗೆ ಹಾಕದೆ ಇಟ್ಟುಕೊಂಡಿದ್ದ ಹಾಳೆಗಳು. ಒಂದು ದಿನ ತಿದ್ದದ ಕಾಪಿಯೊಂದನ್ನು ಕೈಗೆ ಕೊಟ್ಟರು. ಪ್ರಾಥಮಿಕ ಶಾಲೆಯೊಂದರ ವಾರ್ಷಿಕೋತ್ಸವ. ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದ್ದರು, ಯಾರು ದೀಪ ಹಚ್ಚಲು ಕೈ ಹಾಕಿದರು, ಮುಖ್ಯ ಅತಿಥಿಗಳು ಸಂಸ್ಕಾರದ ಬಗ್ಗೆ ಏನೆಂದರು. ಕೊನೆಗೆ ಯಾವಾಗಲೂ ಇರುವಂತೆ ಒಬ್ಬರು ಸ್ವಾಗತಿಸಿದರು, ಒಬ್ಬರು ನಿರೂಪಿಸಿದರು, ಒಬ್ಬರು ವಂದಿಸಿದರು. ಹಾಳೆ ಮುಗಿಯಿತು ಅಂದುಕೊಂಡರೆ ತಳದಲ್ಲಿ ಇನ್ನೊಂದು ವಾಕ್ಯ: ಶಾಲೆಯ ಮೇಲ್ಛಾವಣಿ ಕುಸಿಯುವ ಸ್ಥಿತಿಯಲ್ಲಿರುವುದರಿಂದ ಕಾರ್ಯಕ್ರಮವನ್ನು ಮಾರಮ್ಮನ ಗುಡಿಯ ಆವರಣದಲ್ಲಿ ಏರ್ಪಡಿಸಲಾಗಿತ್ತು.

ನಾವು ಗೆದ್ದವರಂತೆ ಆ ವಾಕ್ಯವನ್ನು ಎತ್ತಿ ತಲೆಗೆ ತಂದೆವು. ತಲೆಕೆಳಗಾದ ಪಿರಮಿಡ್ಡಿನ ಪಾಠ ಆಗಿತ್ತಲ್ಲ. ಹೆಸರುಗಳನ್ನೆಲ್ಲ ಒಂದೇ ಗೀಟಿನಲ್ಲಿ ಹೊಡೆದು ಹಾಕಿದೆವು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ‘ಮಾಡು ತಲೆಗೆ ತಂದದ್ದು ಸರಿ. ಇಷ್ಟು ಜನರನ್ನ ಯಾಕ್ರಯ್ಯ ಕೊಂದ್ರಿ?’ ಎಂದರು. ಆಮೇಲೆ ವಿವರಿಸಿದರು. ಇದನ್ನು ಬರೆದವನು ಆ ಊರಿಗೆ ಏಜೆಂಟನೂ ಹೌದು. ತಿಂಗಳ ಕೊನೆಗೆ ಅದೇ ಬೀದಿಯಲ್ಲಿ ಸೈಕಲ್ ತುಳಿದು ಪೇಪರ್ ಬಿಲ್ ವಸೂಲಿ ಮಾಡಬೇಕು. ಯುಗಾದಿಗೋ ದಸರಾಕ್ಕೋ ವಿಶೇಷ ಪುರವಣಿ ಬಂದಾಗ ಇದೇ ಉದ್ಘಾಟಕರ ಹತ್ತಿರ, ಇದೇ ಅಧ್ಯಕ್ಷರ ಹತ್ತಿರ ಶುಭಾಶಯದ ಜಾಹೀರಾತಿಗೆ ಕೈಚಾಚಬೇಕು. ವಂದಿಸಿದ ಮೇಷ್ಟರ ಹೆಸರು ಬಿಟ್ಟರೆ ಆ ಶಾಲೆಯಲ್ಲಿ ಪೇಪರ್ ನಿಲ್ಲುತ್ತದೆ. ಪೇಪರ್ ನಿಂತರೆ ಮಾಡು ಬೀಳುವ ಸುದ್ದಿ ಓದುವವರೇ ಇರುವುದಿಲ್ಲ. ಇಷ್ಟು ಹೇಳಿ ತಾವೇ ತಿದ್ದಿ ತೋರಿಸಿದರು: ಮೊದಲು ಮಾಡು, ಆಮೇಲೆ ಗುಡಿಯ ಆವರಣ, ಕೊನೆಗೆ ಅಷ್ಟೂ ಹೆಸರು ಪುಟ್ಟ ಅಕ್ಷರದಲ್ಲಿ. ನಮ್ಮ ತರಗತಿಯ ಚೂಟಿ ಹುಡುಗಿಯೊಬ್ಬಳು, ‘ಸಾರ್, ಇದು ರಾಜಿ ಅಲ್ವಾ?’ ಎಂದಳು. ‘ಹೌದಮ್ಮ’ ಎಂದು ಮುಂದಿನ ಕಾಪಿ ತೆಗೆದರು. ‘ಸ್ವಾಗತಿಸಿದರು, ವಂದಿಸಿದರು’ ಎಂದು ಪೇಟೆಯವರು ಇವತ್ತಿಗೂ ನಗೆಯಾಡುವಾಗ ನನಗೆ ಅಷ್ಟೇನೂ ನಗು ಬರುವುದಿಲ್ಲ.

ಮೇಷ್ಟ್ರೇ ನಮ್ಮನ್ನು ಒಮ್ಮೆ ರಾಮಚಂದ್ರ ಅಗ್ರಹಾರಕ್ಕೆ, ‘ಸುಧರ್ಮಾ’ ಅಚ್ಚಾಗುವ ಜಾಗಕ್ಕೆ ಕರೆದೊಯ್ದರು. 1970ರಲ್ಲಿ ವರದರಾಜ ಅಯ್ಯಂಗಾರ್ಯರು ಶುರುಮಾಡಿದ ಸಂಸ್ಕೃತ ದಿನಪತ್ರಿಕೆ. ಚಿಕ್ಕ ಪತ್ರಿಕೆ, ಊರಾಚೆಯ ಚಂದಾದಾರರಿಗೆಲ್ಲ ಅಂಚೆಯಲ್ಲಿ ಹೋಗುತ್ತದೆ. ಸಂಸ್ಕೃತದಲ್ಲಿ ‘ಪೆಟ್ರೋಲ್’ಗೆ ಏನನ್ನುತ್ತಾರೆ ಎಂದು ಗೆಳೆಯರೆಲ್ಲ ಹುಡುಕುತ್ತಿದ್ದರು. ನಾನು ವಿಳಾಸದ ಚೀಟಿ ಅಂಟಿಸಿದ ಕಟ್ಟನ್ನು ನೋಡುತ್ತ ನಿಂತೆ. ದೂರದ ಊರುಗಳ ಓದುಗರಿಗೆ ಇವತ್ತಿನ ಸಂಚಿಕೆ ತಲುಪುವಾಗ ಎಷ್ಟೋ ದಿನವಾಗಿರುತ್ತದೆ. ಅವರೂ ಅದನ್ನು ದಿನಪತ್ರಿಕೆ ಎಂದೇ ಓದುತ್ತಾರೆ. ತಾಜಾತನವೇ ಸುದ್ದಿಯ ಪ್ರಾಣ ಎಂದು ನಮ್ಮ ಪಠ್ಯದಲ್ಲಿತ್ತು. ಹಾಗಾದರೆ ಈ ಕಟ್ಟಿನೊಳಗೆ ಇರುವುದೇನು ಎಂದು ಮೇಷ್ಟ್ರನ್ನು ಕೇಳಿದೆ. ‘ನಿಮ್ಮೂರಿಗೆ ಪೇಪರ್ ಎಷ್ಟೊತ್ತಿಗೆ ಬರುತ್ತೆ?’ ಎಂದು ಅವರೇ ತಿರುಗಿ ಕೇಳಿದರು.

ಮೂರನೇ ವರ್ಷದ ಪ್ರಯೋಗ ಪತ್ರಿಕೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನಾಲ್ಕು ಪುಟ, ಅದರಲ್ಲಿ ಒಂದು ಪ್ರಾಂಶುಪಾಲರ ಸಂದೇಶಕ್ಕೆ.

ಆ ಹೊತ್ತಿಗೆ ಮೇಷ್ಟ್ರ ಶಿಫಾರಸಿನಿಂದ ಸ್ಥಳೀಯ ದಿನಪತ್ರಿಕೆಯೊಂದರಲ್ಲಿ ಸಂಜೆಯ ಕೆಲಸ ಸಿಕ್ಕಿತ್ತು. ಕೆಲಸ ಎಂದರೆ ಬರೆಯುವುದಲ್ಲ, ಕವರ್ ತರುವುದು. ಆಗ ತಾಲ್ಲೂಕುಗಳ ಸುದ್ದಿ ಬರುತ್ತಿದ್ದದ್ದು ಬಸ್ಸಿನಲ್ಲಿ. ವರದಿಗಾರ ಮಧ್ಯಾಹ್ನ ಮೂರರ ಹೊತ್ತಿಗೆ ಹಾಳೆಗಳನ್ನು ಮಡಿಸಿ ಉದ್ದನೆಯ ಲಕೋಟೆಗೆ ಹಾಕಿ, ಮೇಲೆ ಪತ್ರಿಕೆಯ ಹೆಸರು ಬರೆದು, ‘ಅರ್ಜೆಂಟ್’ ಎಂದು ಎರಡು ಗೀಟೆಳೆದು, ಗುರುತಿನ ಡ್ರೈವರನ ಕೈಗೆ ಕೊಡುತ್ತಿದ್ದ. ಡ್ರೈವರ್ ಅದನ್ನು ಸೀಟಿನ ಮುಂದಿನ ಗಾಜಿನ ಬಳಿ, ದೇವರ ಫೋಟೋದ ಹಿಂದೆ ಸಿಕ್ಕಿಸುತ್ತಿದ್ದ. ಮೈಸೂರಿನ ಸಬರ್ಬನ್ ನಿಲ್ದಾಣದಲ್ಲಿ ನಾವು ಮೂರ್ನಾಲ್ಕು ಪತ್ರಿಕೆಯ ಹುಡುಗರು ಕಾಯುತ್ತ ನಿಲ್ಲುವೆವು. ಬಸ್ಸು ನಿಲ್ಲುವ ಮೊದಲೇ ಕಿಟಕಿಗೆ ಕೈ ಹಾಕಿ ಕವರ್ ಎಳೆದುಕೊಳ್ಳುವುದು ಒಂದು ಕಲೆ. ಫ್ಯಾಕ್ಸ್ ಇರಲಿಲ್ಲವೇ ಎಂದರೆ ಇತ್ತು. ಆದರೆ ಎಸ್‌ಟಿಡಿ ಬೂತಿನಿಂದ ಒಂದು ಪುಟ ಕಳಿಸುವ ದುಡ್ಡಿಗೆ ಆ ಸುದ್ದಿಯಿಂದ ಬರುವ ಸಂಭಾವನೆ ಸಾಟಿಯಾಗುತ್ತಿರಲಿಲ್ಲ. ಸಂಭಾವನೆ ಕೊಡುತ್ತಿದ್ದದ್ದು ಅಚ್ಚಾದ ಸುದ್ದಿಯನ್ನು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು.

ನರಸೀಪುರದ ಮೇಲೆ ಬರುವ ಕೊಳ್ಳೇಗಾಲದ ಬಸ್ಸು ಆರಕ್ಕೆ ಬಂದರೆ ಕೊಳ್ಳೇಗಾಲದಲ್ಲಿ ಆ ದಿನ ಏನೋ ನಡೆದಿದೆ ಎಂದು ಲೆಕ್ಕ. ಟೈರ್ ಪಂಕ್ಚರಾಗಿ ಎಂಟಕ್ಕೆ ಬಂದರೆ ಏನೂ ನಡೆದಿಲ್ಲ, ಯಾಕೆಂದರೆ ಚಾಮರಾಜನಗರ ಜಿಲ್ಲೆಯ ಪುಟ ಏಳೂವರೆಗೆ ಮುಗಿಯಬೇಕು. ಕಂಪ್ಯೂಟರಿನಲ್ಲಿ ಕಂಪೋಸಾದ ಕಾಲಂಗಳನ್ನು ಬಟರ್ ಪೇಪರಿನ ಮೇಲೆ ತೆಗೆದು, ಕತ್ತರಿಸಿ, ಗಾಜಿನ ಮೇಜಿನ ಮೇಲೆ ಅಂಟಿಸುತ್ತಿದ್ದ ಕಾಲ. ಬಸ್ಸು ಬಾರದ ದಿನ ಪೇಸ್ಟ್ ಮಾಡುವಾತ ಕತ್ತರಿ ಆಡಿಸುತ್ತ ‘ಏನಾದ್ರೂ ಕೊಡ್ರೀ, ಆರಿಂಚು ಖಾಲಿ ಇದೆ’ ಎಂದು ಕೂಗುವನು. ಆಗ ರೇಷ್ಮೆಗೂಡಿನ ಧಾರಣೆ ದೊಡ್ಡಕ್ಷರದಲ್ಲಿ ಬರುತ್ತಿತ್ತು. ನಾಳೆಯ ವಿದ್ಯುತ್ ವ್ಯತ್ಯಯಕ್ಕೆ ಎರಡು ಕಾಲಂ ತಲೆಬರಹ. ಮೇಡಂ ಬರೆದ ಚೌಕಗಳ ನಡುವಿನ ಬಾಣ ನನಗೆ ಅರ್ಥವಾದದ್ದು ಆ ಮೇಜಿನ ಹತ್ತಿರ. ಗದ್ದಲ ಬಾಣದ ಮೇಲೆ ಬರುವುದಷ್ಟೇ ಅಲ್ಲ, ಕೆಲವು ದಿನ ಬಾಣವೇ ದಾರಿಯಲ್ಲಿ ಕೆಟ್ಟು ನಿಂತಿರುತ್ತದೆ. ಸಿಲಬಸ್ಸಿನಲ್ಲಿ ಮುದ್ರಣ ಯಂತ್ರಗಳ ಬಗ್ಗೆ ಒಂದು ಅಧ್ಯಾಯವೇ ಇತ್ತು, ಬಸ್ಸಿನ ಬಗ್ಗೆ ಒಂದು ಸಾಲಿರಲಿಲ್ಲ.

ಬಸ್ಸು ಸರಿಯಾದ ಹೊತ್ತಿಗೆ ಬಂದರೂ ಕವರಿನೊಳಗೆ ಬಾರದ ಸುದ್ದಿಗಳಿದ್ದವು. ನಮ್ಮ ಕಡೆಯ ಕಾಡು ಎಂದರೆ ಆಗ ಪತ್ರಿಕೆಗಳಿಗೆ ವೀರಪ್ಪನ್. 1992ರ ಆಗಸ್ಟಿನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಅವರ ಸಂಗಡಿಗರು ಹತರಾದದ್ದು, 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ನೆಲಬಾಂಬಿಗೆ 22 ಜನ ಬಲಿಯಾದದ್ದು, ಇವೆಲ್ಲ ನಾನು ಹೈಸ್ಕೂಲು ಹುಡುಗನಾಗಿದ್ದಾಗ ಮುಖಪುಟದಲ್ಲಿ ಓದಿದವು. ಅದರ ನಂತರ ಕಾಡಂಚಿನ ಊರುಗಳಲ್ಲಿ ಜನ ತಗ್ಗಿದ ದನಿಯಲ್ಲಿ ಮಾತಾಡಿಕೊಂಡದ್ದು ಬೇರೆ. ಯಾರನ್ನು ವಿಚಾರಣೆಗೆ ಕರೆದೊಯ್ದರು, ಯಾರು ತಿರುಗಿ ಬರಲಿಲ್ಲ. ಟೀ ಅಂಗಡಿಯಲ್ಲಿ ಪೇಪರ್ ಜೋರಾಗಿ ಓದುತ್ತಿದ್ದವರು ಈ ಮಾತು ಬಂದಾಗ ಬಾಯಿ ಕಟ್ಟುತ್ತಿದ್ದರು. ವೀರಪ್ಪನ್ ಬೇಟೆಗಿದ್ದ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಕಾರ್ಯಪಡೆಗಳ ಮೇಲಿನ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿದ್ದು 1999ರಲ್ಲಿ. 89 ಜನರಿಗೆ ಪರಿಹಾರ ಕೊಡಬೇಕೆಂದು ಆಯೋಗ ಹೇಳುವ ಹೊತ್ತಿಗೆ 2007 ಬಂದಿತ್ತು. ಸುದ್ದಿಯ ಮೂಲಗಳ ವಿಶ್ವಾಸಾರ್ಹತೆ ಎಂಬ ಪಾಠವನ್ನು ನಾವು ಇದೇ ವರ್ಷಗಳಲ್ಲಿ ಓದುತ್ತಿದ್ದೆವು. ಅಧಿಕೃತ ಮೂಲಕ್ಕೆ ಮೊದಲ ಸ್ಥಾನ ಎಂದು ಉತ್ತರ ಬರೆದರೆ ಪೂರ್ತಿ ಅಂಕ ಸಿಗುತ್ತಿತ್ತು.

ಕೊನೆಯ ಪರೀಕ್ಷೆ ಮುಗಿಸಿ ಅದೇ ಪತ್ರಿಕೆಯಲ್ಲಿ ಪೂರ್ತಿ ಹೊತ್ತಿನ ಕೆಲಸಕ್ಕೆ ಸೇರಿದ್ದೆ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ. ಗಾಜನೂರು ತಮಿಳುನಾಡಿನ ತಾಳವಾಡಿ ಸೀಮೆಯದಾದರೂ ಚಾಮರಾಜನಗರಕ್ಕೆ ಹತ್ತಿರ. ಮೈಸೂರಿನ ನಮ್ಮ ಆಫೀಸಿಗೆ ನೂರು ಕಿಲೋಮೀಟರಿನ ಒಳಗೆ. ನಮ್ಮ ಜಿಲ್ಲಾ ಪುಟದ ಬಾಗಿಲಲ್ಲೇ ನಡೆದದ್ದು. ಸುದ್ದಿ ಹಬ್ಬುತ್ತಲೇ ಅಂಗಡಿಗಳ ಬಾಗಿಲು ಬಿದ್ದವು, ಬಸ್ಸು ನಿಂತವು. ಬಸ್ಸು ನಿಂತಿತೆಂದರೆ ಕವರೂ ಇಲ್ಲ. ನಾವು ಬೆಂಗಳೂರಿಗೆ ಫೋನ್ ಮಾಡಿ ಗಾಜನೂರಿನಲ್ಲಿ ಏನಾಯಿತು ಎಂದು ಕೇಳುತ್ತಿದ್ದೆವು. ರಾಜ್‌ಕುಮಾರ್ ಪತ್ನಿ ಪಾರ್ವತಮ್ಮನವರು ವೀರಪ್ಪನ್ ಕೊಟ್ಟ ಕ್ಯಾಸೆಟ್ ಹಿಡಿದು ರಾತ್ರೋರಾತ್ರಿ ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರನ್ನು ಕಂಡಿದ್ದರಲ್ಲ.

ಕನ್ನಡದಲ್ಲಿ ದಿನವಿಡೀ ಸುದ್ದಿ ಹೇಳುವ ವಾಹಿನಿಗಳು ಆಗ ಇರಲಿಲ್ಲ. ಜನ ಪತ್ರಿಕಾ ಕಚೇರಿಗಳ ಮುಂದೆ ಬಂದು ನಿಲ್ಲುವರು. ನಾವು ಟೀ ಕುಡಿಯಲು ಹೊರಗೆ ಕಾಲಿಟ್ಟರೂ ಸುತ್ತುವರಿದು ‘ಅಣ್ಣಾವ್ರು ಏನಾದ್ರು ಸಾರ್?’ ಎಂದು ಕೇಳುವರು. ನಮಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿದ್ದಷ್ಟೇ. ಸುದ್ದಿಯಿದ್ದದ್ದು ಕಾಡಿನಲ್ಲಿ, ಮತ್ತು ಅಲ್ಲಿಂದ ಹೊರಬರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಅದನ್ನು ತರುತ್ತಿದ್ದವರೂ ಒಬ್ಬ ಪತ್ರಕರ್ತರೇ. ತಮಿಳಿನ ‘ನಕ್ಕೀರನ್’ ಸಂಪಾದಕ ಗೋಪಾಲ್ ಎರಡೂ ಸರ್ಕಾರಗಳ ದೂತರಾಗಿ ಕಾಡಿಗೆ ಹೋಗಿ ಬರುತ್ತಿದ್ದರು. ಸುದ್ದಿ ಬರೆಯುವವನು ಸುದ್ದಿಯ ದಾರಿಯೇ ಆಗಿಬಿಡಬಹುದೇ ಎಂದು ಡೆಸ್ಕಿನಲ್ಲಿ ರಾತ್ರಿಯೆಲ್ಲ ಜಗಳ. ನನ್ನ ಓರಗೆಯವರು ಆಗಬಾರದು ಎಂದೇ ವಾದಿಸಿದರು. ನನಗೆ ಈಗಲೂ ಅಷ್ಟು ಖಚಿತವಿಲ್ಲ. ಅವರಲ್ಲದೆ ಬೇರೆ ಯಾರಿಗೆ ಆ ದಾರಿ ಗೊತ್ತಿತ್ತು? 108 ದಿನಗಳಾದ ಮೇಲೆ, ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು.

ಆ ನಡುವೆ ನನ್ನನ್ನು ಕೊಳ್ಳೇಗಾಲಕ್ಕೆ ಕಳಿಸಿದರು. ಅಲ್ಲಿನ ನಮ್ಮ ವರದಿಗಾರರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರ ಅಕ್ಷರ ಮಾತ್ರ ಚೆನ್ನಾಗಿ ಗೊತ್ತಿತ್ತು. ‘ಳ’ವನ್ನು ಬಾಲ ಎಳೆದು ಬರೆಯುವ, ಹಾಳೆಯ ಎರಡೂ ಬದಿ ತುಂಬುವ ಕೈ. ಪೇಪರ್ ಏಜೆನ್ಸಿಯ ಸಣ್ಣ ಅಂಗಡಿ, ಮುಂದೆ ಲಾಟರಿ ಟಿಕೆಟ್ಟಿನ ಹಲಗೆ. ಗಾಜನೂರಿನ ಸುದ್ದಿಗೆಂದು ಅವರು ಆ ವಾರವೆಲ್ಲ ಸ್ವಂತ ಲೂನಾದಲ್ಲಿ ಚಾಮರಾಜನಗರಕ್ಕೆ ಓಡಾಡಿ ಬೂತಿನಿಂದ ಫೋನ್ ಮಾಡಿದ್ದರು. ಮಾತಿನ ನಡುವೆ ಕಾಡಂಚಿನ ಊರುಗಳ ಹಳೆಯ ಸಂಗತಿ ಕೇಳಿದೆ. ಮೇಜಿನ ಖಾನೆಯಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ನೋಟ್‌ಬುಕ್ ತೆಗೆದರು. ಊರಿನ ಹೆಸರು, ಆಳಿನ ಹೆಸರು, ತಾರೀಖು. ಬಾಲ ಎಳೆದ ಅದೇ ‘ಳ’. ಇದನ್ನೆಲ್ಲ ಯಾಕೆ ಕಳಿಸಲಿಲ್ಲ ಎಂದೆ. ‘ಕವರ್ ಮೈಸೂರಿಗ ಹೋಯ್ತದ, ನಾ ಇಲ್ಲೇ ಇರ್ಬೇಕಲ್ಲಪ್ಪ’ ಎಂದರು. ಅದರಲ್ಲಿ ನಾಚಿಕೆಯಾಗಲಿ ಸಮರ್ಥನೆಯಾಗಲಿ ಕೇಳಿಸಲಿಲ್ಲ. ಸಮಿತಿಯ ಮುಂದೆ ಯಾರಾದರೂ ಕೇಳಿದರೆ ಕೊಡುತ್ತೇನೆ ಎಂದು ನೋಟ್‌ಬುಕ್ಕನ್ನು ಖಾನೆಗೆ ಹಾಕಿ, ಅದೇ ಖಾನೆಯಿಂದ ಇನ್ನೊಂದು ಕಟ್ಟು ತೆಗೆದು ನನ್ನ ಕೈಗಿಟ್ಟರು. ಎಸ್‌ಟಿಡಿ ಬೂತಿನ ಚೀಟಿಗಳು. ‘ಇವನ್ನ ಅಕೌಂಟ್ಸ್‌ನವರಿಗೆ ನೀನೇ ಕೈಯಾರೆ ಕೊಡು, ಬಸ್ಸಲ್ಲಿ ಕಳಿಸಿದ್ರೆ ಬರಲಿಲ್ಲ ಅಂತಾರ.’

ಮರುದಿನ ಕೊಟ್ಟೆ. ಅಕೌಂಟ್ಸ್‌ನವರು ಅವರ ಹೆಸರಿನ ಫೈಲು ತೆಗೆದು ಆ ವಾರದ ಪುಟಗಳ ಮೇಲೆ ಸ್ಕೇಲಿಟ್ಟು ಅಳೆದರು. ಗಾಜನೂರಿನ ಸುದ್ದಿಗಳೆಲ್ಲ ‘ಬೆಂಗಳೂರು’ ಎಂಬ ಸ್ಥಳನಾಮದಡಿ ಅಚ್ಚಾಗಿದ್ದವು, ಹಾಗಾಗಿ ಅವು ಕೊಳ್ಳೇಗಾಲದ ಲೆಕ್ಕಕ್ಕೆ ಸೇರುವುದಿಲ್ಲ ಎಂದರು. ಚೀಟಿಗಳಲ್ಲಿ ಅರ್ಧಕ್ಕೆ ಬೂತಿನವರ ಸೀಲು ಇರಲಿಲ್ಲ. ಅವನ್ನು ಬೇರೆ ಮಾಡಿ ಗುಂಡುಸೂಜಿ ಚುಚ್ಚಿ, ಸೀಲು ಹಾಕಿಸಿ ಮತ್ತೆ ಕಳಿಸಲು ಹೇಳಿ ಎಂದು ವಾಪಸು ಕೊಟ್ಟರು. ಸಂಜೆ ನಿಲ್ದಾಣಕ್ಕೆ ಹೋಗಿ ಲಕೋಟೆಯ ಮೇಲೆ ಅವರ ಹೆಸರು ಬರೆದು, ‘ಅರ್ಜೆಂಟ್’ ಎಂದು ಎರಡು ಗೀಟೆಳೆದು, ಕೊಳ್ಳೇಗಾಲಕ್ಕೆ ಹೊರಟಿದ್ದ ಡ್ರೈವರನ ಕೈಗೆ ಕೊಟ್ಟೆ.